ಹದಿನಾರು ಸಹಿಗಳ ಸಾಲು

“ಸಹಿ ನಂದೇ ಮೇಡಂ. ಆದ್ರೆ ಈ ಕಾಗದಕ್ಕೆ ನಾನು ಸಹಿ ಹಾಕಿಲ್ಲ.”

ಗಾಲಿಕುರ್ಚಿಯಲ್ಲಿ ಕುಳಿತಿದ್ದ ಭೂಗೋಳದ ಮೇಷ್ಟ್ರು ಹೀಗೆಂದಾಗ ವಿಚಾರಣೆಯ ಕೋಣೆಯಲ್ಲಿದ್ದವರೆಲ್ಲ ಅವರತ್ತ ತಿರುಗಿದರು. ಮೇಷ್ಟ್ರು ನಿವೃತ್ತರಾಗಿ ಎಂಟು ವರ್ಷ. ತೊಡೆಯ ಮೂಳೆ ಮುರಿದು ಆರು ವಾರ. ಎರಡೂ ಅವರಿಗೆ ಇನ್ನೂ ಒಗ್ಗಿರಲಿಲ್ಲ.

ಪ್ರವಾಸೋದ್ಯಮ ಇಲಾಖೆಯ ತನಿಖಾಧಿಕಾರಿ ಕಾಗದವನ್ನು ತಮ್ಮತ್ತ ಎಳೆದುಕೊಂಡರು. ಐವತ್ನಾಲ್ಕರ ಹೆಂಗಸು. ಔಷಧಿ ಬಾಟಲಿಯ ಸಣ್ಣಕ್ಷರವನ್ನೂ ಟಿಕೆಟ್ಟಿನ ಹಿಂಬದಿಯನ್ನೂ ಬಿಡದೆ ಓದುವವರು. ಕಚೇರಿಯವರು ಬೆನ್ನ ಹಿಂದೆ ‘ಭೂತಗನ್ನಡಿ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಕಾಗದದಲ್ಲಿ ಎರಡು ಹಾಳೆ. ಮೊದಲನೆಯದರಲ್ಲಿ ಅಚ್ಚಾದ ಹೇಳಿಕೆ: ನದಿ ಕಣಿವೆಯ ವೀಕ್ಷಣಾ ಕಟ್ಟೆ ದುರಸ್ತಿಗಾಗಿ ಮುಚ್ಚಿದೆ. ಇದನ್ನು ಗೈಡ್ ನಮಗೆ ತಿಳಿಸಿದ್ದಾರೆ. ಅಲ್ಲಿಗೆ ಹೋದರೆ ನಮ್ಮದೇ ಜವಾಬ್ದಾರಿ, ಕಂಪನಿಯದಲ್ಲ. ಎರಡನೆಯದರಲ್ಲಿ ಕ್ರಮಸಂಖ್ಯೆ, ಹೆಸರು, ಸಹಿ. ಒಟ್ಟು ಹದಿನಾರು. ತಾರೀಖು, ಪ್ರವಾಸದ ಮೊದಲನೇ ದಿನದ್ದು.

ಮೂರನೇ ದಿನ ಬಸ್ಸು ಅದೇ ಕಟ್ಟೆಗೆ ಹೋಗಿತ್ತು. ಮರದ ಕಟಕಟೆ ಮುರಿಯಿತು. ಮೇಷ್ಟ್ರು ಕೆಳಗೆ ಬಿದ್ದರು.

ಕಂಪನಿಯ ಮಾಲೀಕರು ಕೈಮುಗಿದು ಎದ್ದರು. ಬೆಳ್ಳಗಿನ ತಲೆ, ಬೆಲ್ಲದಂಥ ಮಾತು. “ಕಟ್ಟೆ ಮುಚ್ಚಿದೆ ಅಂತ ಇಲಾಖೆಯ ಪತ್ರ ನನಗೆ ಬಂದಿತ್ತು ಮೇಡಂ. ಗೈಡ್‌ಗೆ ಹೇಳಿದ್ದೆ. ಮೊದಲ ದಿನವೇ ಸಹಿ ತಗೋ ಅಂದೆ, ತಗೊಂಡು ಕಳಿಸಿದ್ಲು. ಆಮೇಲೆ ಯಾಕೆ ಅಲ್ಲಿಗೆ ಕರ್ಕೊಂಡು ಹೋದ್ಲೋ! ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆ ಉರೀತಿದೆ ಅಷ್ಟೇ.”

ಮೂಲೆಯ ಕುರ್ಚಿಯಲ್ಲಿದ್ದ ಗೈಡ್ ತಲೆ ಎತ್ತಲಿಲ್ಲ. ಹನ್ನೊಂದು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದವಳು. ಬೇರೆ ಕಸುಬು ಕಲಿತಿರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ. ಆ ಕಾಗದ ನಿಜವಾದರೆ ಶುಕ್ರವಾರ ಅವಳ ಪರವಾನಗಿ ರದ್ದು, ಮತ್ತೆಂದೂ ಸಿಗದ ಹಾಗೆ.

“ನನಗೆ ಯಾರೂ ಹೇಳಿಲ್ಲ ಮೇಡಂ” ಎಂದಳು.

“ಈ ಸಹಿ ನೀವು ತಗೊಂಡಿದ್ದಾ?”

“ಗೊತ್ತಿಲ್ಲ. ಕೋಣೆ ಬೀಗಕ್ಕೆ, ಊಟದ ಲೆಕ್ಕಕ್ಕೆ, ಮ್ಯೂಸಿಯಂ ಬಾಗಿಲಿಗೆ ಅಂತ ದಿನಾ ತಗೋತೀನಿ. ಇದು ಯಾವುದೋ, ಆಣೆ ಮಾಡಿ ಹೇಳೋಕಾಗಲ್ಲ.”

ಸುಳ್ಳು ಹೇಳುವವರು ಇಷ್ಟು ಪೆದ್ದಾಗಿ ಹೇಳುವುದಿಲ್ಲ ಎಂದುಕೊಂಡರು ಭೂತಗನ್ನಡಿ. ಆದರೆ ‘ಪೆದ್ದಾಗಿ ಹೇಳಿದಳು’ ಎಂದು ವರದಿಯಲ್ಲಿ ಬರೆಯಲಾಗುತ್ತದೆಯೇ?

*

ಮೊದಲ ಅನುಮಾನ, ಸಹಿಗಳೇ ನಕಲಿ ಎಂದು. ಅಕ್ಷರ ಪರೀಕ್ಷಕರು ಎರಡು ದಿನ ನೋಡಿ ತಲೆ ಅಲ್ಲಾಡಿಸಿದರು. “ಹದಿನಾರೂ ಅಸಲಿ. ಒಂದರಲ್ಲೂ ನಕಲು ಮಾಡಿದ ಗುರುತಿಲ್ಲ.”

ಬೆಟ್ಟ ಅಗೆದಾಯಿತು, ಇಲಿಯೂ ಸಿಗಲಿಲ್ಲ.

ಎರಡನೇ ಅನುಮಾನ ಗೈಡ್ ಮೇಲೆಯೇ. ಸಹಿ ತೆಗೆದುಕೊಂಡು ಕಳಿಸಿ, ಆಮೇಲೆ ಜನ ಕಾಡಿದ್ದಕ್ಕೆ ಕಟ್ಟೆಗೆ ಕರೆದೊಯ್ದಳೇ? ಹಾಗೇನಾದರೂ ಕಾಡಿದ್ದಿರಾ ಎಂದು ಭೂತಗನ್ನಡಿ ಪ್ರಯಾಣಿಕರಿಗೆ ಫೋನ್ ಮಾಡಿ ವಿಚಾರಿಸಿದರು. ಯಾರೂ ಹೂಂ ಅನ್ನಲಿಲ್ಲ. ಕಟ್ಟೆ ಮುಚ್ಚಿದೆ ಎಂದು ಕೇಳಿದ ನೆನಪೂ ಯಾರಿಗೂ ಇಲ್ಲ. ಆದರೆ ಏನೇನಕ್ಕೆ ಸಹಿ ಹಾಕಿದಿರಿ ಎಂದರೆ ಅದೂ ನೆನಪಿಲ್ಲ. ಪ್ರವಾಸಕ್ಕೆ ಹೋದವರು ಕಾಗದ ಓದುತ್ತಾರೆಯೇ? ಪೆನ್ನು ಕೊಟ್ಟರೆ ಗೀಚುತ್ತಾರೆ, ಕಿಟಕಿಯತ್ತ ತಿರುಗುತ್ತಾರೆ.

ಗುರುವಾರ ಬೆಳಿಗ್ಗೆ ಅವರು ಮತ್ತೆ ಆ ಪಟ್ಟಿ ಹಿಡಿದು ಕುಳಿತರು. ಈ ಸಲ ಸಹಿ ನೋಡಲಿಲ್ಲ, ಕ್ರಮ ನೋಡಿದರು. ಹೆಸರುಗಳು ಈ ಕ್ರಮದಲ್ಲೇ ಯಾಕಿವೆ? ಅಕಾರಾದಿ ಅಲ್ಲ. ಕೋಣೆಯ ಸಂಖ್ಯೆಯ ಪ್ರಕಾರವೂ ಅಲ್ಲ. ಬುಕ್ಕಿಂಗ್ ಮಾಡಿದ ಕ್ರಮವೂ ಅಲ್ಲ, ಮೊದಲು ಬುಕ್ ಮಾಡಿದವರು ಮೇಷ್ಟ್ರು ದಂಪತಿ. ಪಟ್ಟಿಯಲ್ಲಿ ಅವರು ಕಟ್ಟಕಡೆಗಿದ್ದಾರೆ.

ತಲೆಗೆ ಹುಳ ಹೊಕ್ಕಿತು. ಹೊಕ್ಕ ಹುಳ ಹೊರಬರುವ ತನಕ ಅವರು ಕಾಫಿ ಕುಡಿಯುವವರಲ್ಲ. ಗೈಡ್‌ಗೆ ಫೋನ್ ಮಾಡಿದರು.

“ಬಸ್ಸಲ್ಲಿ ಸಹಿ ಹೇಗೆ ತಗೋತೀರಾ?”

“ಪ್ಯಾಡು ಮುಂದಿನ ಸಾಲಿಗೆ ಕೊಡ್ತೀವಿ ಮೇಡಂ. ಕೈಯಿಂದ ಕೈಗೆ ಹಿಂದಕ್ಕೆ ಹೋಗುತ್ತೆ.”

“ಹಾಗಾದ್ರೆ ಪಟ್ಟೀಲಿ ಮೊದಲು ಇರೋರು ಮುಂದಿನ ಸಾಲಿನೋರು?”

“ಹೌದು, ಅವತ್ತಿನ ಮುಂದಿನ ಸಾಲಿನೋರು.”

“ಅವತ್ತಿನ? ಅಂದ್ರೆ?”

ಗೈಡ್ ಉತ್ತರಿಸುವ ಮೊದಲೇ ಭೂತಗನ್ನಡಿ ಕಡತದಿಂದ ಕಂಪನಿಯ ಕೈಪಿಡಿ ಎಳೆದು ಸಣ್ಣಕ್ಷರದ ಪುಟ ತೆರೆದಿದ್ದರು. ಬೆರಳು ಹನ್ನೊಂದನೇ ನಿಯಮದ ಮೇಲೆ ನಿಂತಿತು.

*

ಪಟ್ಟಿಯ ಮೊದಲೆರಡು ಹೆಸರು ಅವಳಿ ಅಕ್ಕತಂಗಿಯರದು. ಇಬ್ಬರಿಗೂ ಎಪ್ಪತ್ತು. ಒಂದೇ ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು.

“ಮೊದಲನೇ ದಿನ ಎಲ್ಲಿ ಕೂತಿದ್ರಿ ಅಮ್ಮ?”

“ಅದನ್ನ ಕೇಳಬೇಡಿ!” ಎಂದಳು ಅಕ್ಕ. “ಏಳನೇ ಸಾಲು. ಎತ್ತಿ ಎತ್ತಿ ಹಾಕಿ ಸೊಂಟ ಬಿದ್ದೋಯ್ತು.”

“ಇವಳ ಸೊಂಟ ಮೊದಲೇ ಬಿದ್ದಿತ್ತು” ಎಂದಳು ತಂಗಿ. “ದಿನಕ್ಕೆ ಎರಡೆರಡು ಸಾಲು ಮುಂದೆ ಬರ್ಬೇಕಲ್ಲ, ನಾಲ್ಕನೇ ದಿನ ನಮ್ಮ ಪಾಲಿಗೆ ಮೊದಲನೇ ಸಾಲು ಬಂತು.”

“ನಾಲ್ಕನೇ ದಿನ ಏನಾದ್ರೂ ಸಹಿ ಹಾಕಿದ್ರಾ?”

ಅಕ್ಕ ತಂಗಿಗೆ ಮಾತು ಬಿಟ್ಟುಕೊಟ್ಟಳು. ಅಪರೂಪದ ಘಟನೆ.

“ಟೋಪಿಗೆ ಹಾಕಿದ್ವಲ್ಲೇ?” ಎಂದಳು ತಂಗಿ.

“ಹೌದೌದು. ಮೇಷ್ಟ್ರು ಬಿದ್ದ ಮಾರನೇ ದಿನ ಮಾಲೀಕರೇ ಬಸ್ಸಿಗೆ ಬಂದ್ರು. ಎಂಥಾ ದೊಡ್ಡ ಮನುಷ್ಯ! ಎಲ್ಲರಿಗೂ ಸಮಾಧಾನ ಹೇಳಿ, ಒಂದೊಂದು ಟೋಪಿ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ತಗೊಂಡ್ರು.”

“ಗೈಡ್ ಇರಲಿಲ್ವಾ?”

“ಪಾಪ, ಆ ಹುಡುಗಿ ಎರಡು ದಿನ ಆಸ್ಪತ್ರೆ ಬಿಟ್ಟು ಅಲ್ಲಾಡಲಿಲ್ಲ.”

ಭೂತಗನ್ನಡಿ ಫೋನ್ ಇಟ್ಟು ಮೇಷ್ಟ್ರ ಮನೆಗೆ ನಡೆದರು. ಮೇಷ್ಟ್ರಿಗೆ ನೆನಪಿರಲಿಲ್ಲ, ಆಗ ಅವರು ನೋವಿನ ಮಾತ್ರೆಯ ಮಂಪರಿನಲ್ಲಿದ್ದರು. ನೆನಪಿದ್ದದ್ದು ಅವರ ಹೆಂಡತಿಗೆ.

“ಮಾಲೀಕರು ಆಸ್ಪತ್ರೆಗೂ ಬಂದಿದ್ರು. ಎರಡು ಟೋಪಿ ತಂದಿದ್ರು. ಮಲಗಿರೋ ಮನುಷ್ಯನಿಗೆ ಟೋಪಿ ಯಾಕೆ ಅಂತ ನನಗೆ ನಗು ಬಂತು. ಆದ್ರೂ ತೋರಿಸಿದಲ್ಲಿ ಇಬ್ಬರೂ ಸಹಿ ಹಾಕಿದ್ವಿ.”

ಭೂತಗನ್ನಡಿ ಅಲ್ಲೇ ಕುಳಿತು ಎರಡು ಲೋಟ ಕಾಫಿ ಕುಡಿದರು.

*

ಶುಕ್ರವಾರ ಕೋಣೆ ತುಂಬಿತ್ತು. ಮೇಜಿನ ಮೇಲೆ ಗೈಡ್‌ನ ಪರವಾನಗಿ ಕಾರ್ಡು. ಮಾಲೀಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆಯೇ ಕುಳಿತಿದ್ದರು. ಹಿಂದೆ ಬಸ್ಸಿನ ಡ್ರೈವರ್, ಮಡಿಸಿದ ರಟ್ಟೊಂದನ್ನು ತೊಡೆಯ ಮೇಲಿಟ್ಟುಕೊಂಡು.

“ಈ ಸಹಿಗಳು ಯಾವಾಗ ಆಗಿದ್ದು?” ಭೂತಗನ್ನಡಿ ಕೇಳಿದರು.

“ಮೊದಲ ದಿನ ಬೆಳಿಗ್ಗೆ. ಬಸ್ಸು ಹೊರಡೋ ಮುಂಚೆ.”

“ಖಂಡಿತಾನಾ?”

“ನೂರಕ್ಕೆ ನೂರು. ಗೈಡ್ ಪ್ಯಾಡನ್ನ ಮುಂದಿನ ಸೀಟಿಗೆ ಕೊಟ್ಲು, ಅದು ಹಿಂದಿನವರೆಗೂ ಹೋಯ್ತು. ಯಾವಾಗಲೂ ಹಾಗೇ ಮೇಡಂ.”

“ಬರ್ಕೊಳ್ಳಿ” ಎಂದರು ಭೂತಗನ್ನಡಿ ಗುಮಾಸ್ತನಿಗೆ. ಬರೆದದ್ದಕ್ಕೆ ಮಾಲೀಕರು ಸಂತೋಷದಿಂದಲೇ ಸಹಿ ಹಾಕಿದರು.

ಡ್ರೈವರ್ ರಟ್ಟನ್ನು ಬಿಡಿಸಿ ಮೇಜಿನ ಮೇಲಿಟ್ಟ. ಎಂಟು ಸಾಲು, ಸಾಲಿಗೆ ಇಬ್ಬರು, ಐದೂ ದಿನದ ಸೀಟುಗಳ ನಕ್ಷೆ. “ಸೀಟಿನ ಜಗಳ ಬಂದ್ರೆ ಇದನ್ನೇ ತೋರಿಸೋದು ಮೇಡಂ. ದೇವರು ಬಂದು ಕೇಳಿದ್ರೂ ಇದೇ ಲೆಕ್ಕ.”

“ನಿಮ್ಮ ಬಸ್ಸಲ್ಲಿ ಯಾರೂ ಒಂದೇ ಸೀಟಲ್ಲಿ ಕೂರಲ್ಲ” ಎಂದು ಭೂತಗನ್ನಡಿ ಮಾಲೀಕರತ್ತ ತಿರುಗಿದರು. “ದಿನಕ್ಕೆ ಎರಡು ಸಾಲು ಮುಂದೆ. ಮುಂದಿದ್ದೋರು ಹಿಂದಕ್ಕೆ. ಮೊದಲನೇ ದಿನ ಮೊದಲನೇ ಸಾಲಲ್ಲಿ ಇದ್ದೋರು ಮೇಷ್ಟ್ರು, ಅವರ ಮನೆಯವರು. ಪಟ್ಟೀಲಿ ಅವರೇ ಮೊದಲು ಬರಬೇಕಿತ್ತು. ಇಲ್ಲಿ ಕೊನೇಲಿದ್ದಾರೆ.”

“ವಯಸ್ಸಾದೋರು, ನಿಧಾನವಾಗಿ ಹಾಕಿರಬಹುದು…”

“ಇರಬಹುದು. ಉಳಿದ ಹದಿನಾಲ್ಕು ಜನ? ಒಬ್ಬರೂ ತಪ್ಪದೆ ನಾಲ್ಕನೇ ದಿನದ ಸಾಲಿನ ಕ್ರಮದಲ್ಲೇ ಇದ್ದಾರೆ. ಖಾಲಿ ಇರೋದು ಮೂರನೇ ಸಾಲು ಒಂದೇ. ಅವತ್ತು ಅದು ಮೇಷ್ಟ್ರು ದಂಪತಿ ಕೂರಬೇಕಾಗಿದ್ದ ಸಾಲು. ಅವರು ಆಸ್ಪತ್ರೇಲಿದ್ರು. ಗೈಡೂ ಅಲ್ಲೇ ಇದ್ಲು. ಬಸ್ಸಲ್ಲಿ ಪ್ಯಾಡು ಹಿಡಿದಿದ್ದು ನೀವು. ಟೋಪಿ ಕೊಟ್ಟಿದ್ದಕ್ಕೆ ಸಹಿ ತಗೊಂಡ್ರಿ, ಆ ಹಾಳೆ ಮೇಲೆ ಇನ್ನೊಂದು ಹಾಳೆ ಜೋಡಿಸಿ ಹಳೇ ತಾರೀಖು ಹಾಕಿದ್ರಿ.”

ಜನರಿಗೆ ಟೋಪಿ ಹಾಕುವವರನ್ನು ಎಲ್ಲರೂ ನೋಡಿದ್ದಾರೆ. ಹಾಕಿ ರಸೀದಿಯನ್ನೂ ಪಡೆದವರನ್ನು ಆ ಕೋಣೆ ಅಂದೇ ನೋಡಿತು.

“ಸೀಟು ಬದಲಾಗುತ್ತೆ ಅಂತ ನನಗೆ ಯಾರು ಹೇಳಿದ್ರು?” ಮಾಲೀಕರ ಬೆಲ್ಲ ಕರಗಿತ್ತು.

“ನಿಮ್ಮದೇ ಕೈಪಿಡಿ. ಹನ್ನೊಂದನೇ ನಿಯಮ.”

“ಆ ಸಣ್ಣಕ್ಷರ ಯಾರಮ್ಮ ಓದ್ತಾರೆ!”

“ನಾನು ಓದ್ತೀನಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭೂತಗನ್ನಡಿ ನಗಲಿಲ್ಲ.

“ಇನ್ನೊಂದು ವಿಷಯ ಕೇಳಿ. ಈ ಕಾಗದ ಅಸಲಿಯಾಗಿದ್ರೂ ನಿಮ್ಮನ್ನ ಉಳಿಸ್ತಿರಲಿಲ್ಲ. ಜನರನ್ನ ಕರ್ಕೊಂಡು ಹೋಗೋ ಜಾಗ ಗಟ್ಟಿಯಾಗಿದೆಯಾ ಅಂತ ನೋಡೋದು ನಿಮ್ಮ ಕರ್ತವ್ಯ. ಮುಚ್ಚಿದ್ರೆ ತಿಳಿಸಬೇಕು, ಬೇರೆ ಜಾಗ ತೋರಿಸಬೇಕು. ಪ್ರಯಾಣಿಕರ ಹತ್ರ ಸಹಿ ಹಾಕಿಸ್ಕೊಂಡ ಮಾತ್ರಕ್ಕೆ ಆ ಹೊಣೆ ನಿಮ್ಮ ಹೆಗಲಿಂದ ಇಳಿಯಲ್ಲ. ಉಪಯೋಗಕ್ಕೆ ಬಾರದ ಒಂದು ಕಾಗದಕ್ಕೋಸ್ಕರ ಈ ಹುಡುಗಿ ಬದುಕಿಗೇ ಕಲ್ಲು ಹಾಕೋಕೆ ಹೊರಟ್ರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಅಲ್ಲಿ ಎಚ್ಚರಿಕೆಯ ಬೋರ್ಡು ನೆಡೋದ್ರಲ್ಲಿ ನಮ್ಮ ಇಲಾಖೆಯೂ ತಡ ಮಾಡಿತ್ತು. ಅದನ್ನೂ ವರದಿಯಲ್ಲಿ ಬರೆದಿದ್ದೀನಿ. ಸುಳ್ಳು ದಾಖಲೆ ತಂದಿದ್ದಕ್ಕೆ ನಿಮ್ಮ ಹತ್ರ ಮಾತಾಡೋಕೆ ಪೊಲೀಸರು ಹೊರಗಿದ್ದಾರೆ.”

ಅವರು ಪರವಾನಗಿ ಕಾರ್ಡನ್ನು ಗೈಡ್ ಕೈಗಿಟ್ಟರು. ಅವಳು ಅದನ್ನು ನೋಡಲೂ ಇಲ್ಲ, ಮಾಲೀಕರನ್ನೇ ನೋಡುತ್ತಿದ್ದಳು.

“ಸರ್, ಆ ಪತ್ರ ನಿಮ್ಮ ಕೈ ಸೇರಿದ್ದು ಯಾವಾಗ?”

ಸ್ವೀಕೃತಿಯ ಪ್ರತಿ ತೆಗೆದು ಭೂತಗನ್ನಡಿಯೇ ಓದಿದರು. “ಬಸ್ಸು ಹೊರಡೋಕೆ ಹತ್ತೊಂಬತ್ತು ದಿನ ಮುಂಚೆ.”

“ಹತ್ತೊಂಬತ್ತು ದಿನ” ಎಂದಳು ಗೈಡ್. ಅವಳ ದನಿ ಒಡೆಯಿತು. “ಮೇಷ್ಟ್ರು ಹತ್ತೋಕೆ ಹಿಂಜರಿದಿದ್ರು ಸರ್. ‘ಏನೂ ಆಗಲ್ಲ, ನಾನಿದ್ದೀನಿ’ ಅಂತ ಕೈ ಹಿಡಿದು ಹತ್ತಿಸಿದೋಳು ನಾನು. ಆರು ವಾರದಿಂದ ಅದೇ ಮಾತು ಕಿವೀಲಿ ಕೂಗ್ತಾ ಇದೆ. ನೀವು ಒಂದು ಫೋನ್ ಮಾಡಿದ್ರೆ ಸಾಕಾಗಿತ್ತಲ್ಲ?”

ಪೊಲೀಸರು ಒಳಗೆ ಬಂದು ಮಾಲೀಕರನ್ನು ಕರೆದೊಯ್ದರು. ಜನ ಒಬ್ಬೊಬ್ಬರಾಗಿ ಎದ್ದರು. ಗೈಡ್ ಮಾತ್ರ ನಿಂತಲ್ಲೇ ಅಳುತ್ತಿದ್ದಳು. ಗೆದ್ದವರು ಹೀಗೆ ಅಳುವುದನ್ನು ಭೂತಗನ್ನಡಿ ತಮ್ಮ ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ.

ಮೇಷ್ಟ್ರು ಕುರ್ಚಿಯ ಗಾಲಿಯನ್ನು ತಾವೇ ತಿರುಗಿಸಿಕೊಂಡು ಅವಳ ಮುಂದೆ ಬಂದರು.

“ಅಳಬೇಡ ಮಗಳೇ. ನಿನಗೆ ಹೇಳಬೇಕಾದೋರು ಹೇಳಲಿಲ್ಲ, ಅದಕ್ಕೆ ನೀನೇನು ಮಾಡ್ತೀಯ? ಬಾ, ಬಾಗಿಲ ಹತ್ರ ಇಳಿಜಾರಿದೆ. ನಮ್ಮನೆಯವಳ ಕೈಲಿ ಹಿಡಿಯೋಕಾಗಲ್ಲ. ನೀನೇ ಇಳಿಸು.”

ಗೈಡ್ ಕಣ್ಣೊರೆಸಿಕೊಂಡು ಕುರ್ಚಿಯ ಹಿಂದೆ ಹೋದಳು. ಎರಡೂ ಕೈಯಿಂದ ಹಿಡಿಕೆ ಹಿಡಿದಳು.