ಶಮ್ಸಾ ಖಾಲಾ ಕೊಟ್ಟ ಬಳೆ

"ಆ ಬಳೆ ನಿಮ್ಮ ಕೈಗೆ ಹೇಗೆ ಬಂತು?"

ಅಲ್ ಹೈಲ್‌ನ ಒಮಾನಿ ಮನೆಯಲ್ಲಿ ಕನ್ನಡ ಕೇಳಿ ಮಾನಸಳಿಗೆ ಮೊದಲು ಖುಷಿಯೇ ಆಯಿತು. ಮರುಕ್ಷಣ ಆ ದನಿಯಲ್ಲಿದ್ದ ಸಿಟ್ಟು ತಿಳಿದು ಮುಖ ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದವನು ನೋಡಲು ಚೆನ್ನಾಗಿದ್ದ, ಅದು ಇನ್ನೂ ಕಷ್ಟ!

"ನೀವು ಯಾರು?"

"ಕೀರ್ತನ್. ನನ್ನ ಅಪ್ಪ ಇವರ ಅಂಗಡಿಯಲ್ಲಿ ಮ್ಯಾನೇಜರ್. ನಾನು ಈ ಮನೆಯಲ್ಲೇ ಆಡಿ ಬೆಳೆದವ. ಅದು ಥುರಯಾಳ ಮದುವೆಗೆ ಅಂತ ಇಟ್ಟ ಬಳೆ, ಗೊತ್ತುಂಟಾ?"

"ಖಾಲಾನೇ ಕೊಟ್ರು. ನಾನೇನು ಕದ್ದಿಲ್ಲ!"

"ಅವರು ಕೊಟ್ರು, ನೀವು ತಗೊಂಡ್ರಿ! ಎಂತ ಜನ ಮಾರಾಯ್ರೆ ನೀವು!"

ತಂದಿದ್ದ ಖರ್ಜೂರದ ಡಬ್ಬಿಯನ್ನು ಅಲ್ಲೇ ಇಟ್ಟು ಅವನು ಹೊರಟೇಹೋದ.

ಮಾನಸ ಮೈಸೂರಿನವಳು. ಇಲ್ಲಿನ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಮಂಡಿನೋವಿನ ಅಜ್ಜಿಯರಿಗೆ ಅರಬ್ಬಿ ಬಿಟ್ಟು ಬೇರೆ ಭಾಷೆ ಬಾರದು. ಜೊತೆಗಿದ್ದರೆ ಮಾತು ಬೇಗ ಬರುತ್ತದೆಂದು ಒಮಾನಿಗಳ ಮನೆಯಲ್ಲೇ ಕೋಣೆ ಹಿಡಿದಿದ್ದಳು. ಮನೆಯೊಡತಿ ಶಮ್ಸಾ ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ಊಟಕ್ಕೆ ಕೂತರೆ ತುತ್ತಿಗೊಂದು ಪದ ಕಲಿಸುತ್ತಿದ್ದಳು.

ಮಾನಸಳಿಗೆ ಬಹಳ ಹಿಡಿಸಿದ್ದು 'ಹೆಲ್ವ'. ಚೆಂದ ಎಂದರ್ಥ. ಪರದೆ ಹೆಲ್ವ, ಕಾಫಿ ಹೂಜಿ ಹೆಲ್ವ... ಕಂಡದ್ದಕ್ಕೆಲ್ಲ ಹೆಲ್ವ! ಹಿಂದಿನ ದಿನ ಖಾಲಾಳ ಕೈಯ ಬೆಳ್ಳಿ ಬಳೆಗೂ ಹಾಗೆಯೇ ಅಂದಿದ್ದಳು.

ಖಾಲಾ ತಕ್ಷಣ ಬಳೆ ಬಿಚ್ಚಿ ಮುಂದೆ ಹಿಡಿದಿದ್ದಳು. "ತಫದ್ದಲಿ, ತಗೋ."

ಹಿರಿಯರು ಕೈಯಾರೆ ಕೊಟ್ಟಿದ್ದನ್ನು ಬೇಡ ಅನ್ನಬಾರದು... ಅಮ್ಮ ಅಂಬುಜಮ್ಮ ಚಿಕ್ಕಂದಿನಿಂದ ತಲೆಗೆ ತುಂಬಿದ್ದು ಅದನ್ನೇ. ಮಾನಸ ಎರಡೂ ಕೈ ಚಾಚಿ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡಳು. ಸಾಲದ್ದಕ್ಕೆ ಖಾಲಾಳ ಕಾಲಿಗೂ ಬಿದ್ದಳು! ಪಾಪ, ಆಕೆ ಗಾಬರಿಯಾಗಿ ಸೋಫಾದ ಮೇಲೆ ಕಾಲು ಮಡಚಿಕೊಂಡಿದ್ದಳು.

ಈಗ ಖಾಲಾಳ ಮಗಳು ಥುರಯಾಳನ್ನೇ ಹೋಗಿ ಕೇಳಿದಳು. ಅವಳು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು.

"ಯಾರಾದರೂ ಮೆಚ್ಚಿದರೆ ನಾವು ತಗೋ ಅನ್ನಲೇಬೇಕು. ಮೆಚ್ಚಿದವರು 'ಬೇಡ, ನಿಮ್ಮ ಕೈಗೇ ಚೆಂದ' ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅದು ಅಜ್ಜಿಯ ಬಳೆ... ಇರಲಿ ಬಿಡು, ನೀನೂ ನನಗೆ ಅಕ್ಕನೇ."

ಥುರಯಾ ನಕ್ಕಳು. ಆದರೆ ಅವಳ ಕಣ್ಣು ಬಳೆಯ ಮೇಲೇ ಇತ್ತು.

ಮಾನಸಳಿಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು. ಬಳೆ ಹಿಡಿದು ಖಾಲಾಳ ಬಳಿ ಓಡಿದಳು.

"ಲಾ, ಲಾ, ಬೇಡ! ಕೊಟ್ಟಿದ್ದನ್ನು ವಾಪಸ್ ತಗೊಂಡರೆ ನನ್ನ ಮಾನ ಏನಾಗಬೇಕು?" ಖಾಲಾ ಕೈ ಹಿಂದಕ್ಕೆ ಕಟ್ಟಿಕೊಂಡಳು.

ಮದುವೆ ಹತ್ತಿರ ಬರುತ್ತಿತ್ತು. ಮಾನಸಳಿಗೆ ಊಟ ಸೇರಲಿಲ್ಲ. 'ಮದುಮಗಳ ಬಳೆ ಕಿತ್ತುಕೊಂಡವಳು ನಾನು! ಆತನೂ ನನ್ನನ್ನು ಆಸೆಬುರುಕಿ ಅಂದುಕೊಂಡ... ಅಂದುಕೊಳ್ಳದೆ ಇನ್ನೇನು?'

ಯೋಚಿಸಿ ಯೋಚಿಸಿ ಕೊನೆಗೆ ಒಂದು ದಾರಿ ಹೊಳೆಯಿತು. ಥುರಯಾಳಿಂದ ನಂಬರ್ ಪಡೆದು ಕೀರ್ತನ್‌ಗೆ ಫೋನ್ ಮಾಡಿದಳು.

"ನಾನು ಮಾನಸ... ಬಳೆಯವಳು."

ಅವನು ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು.

"ಇಲ್ಲಿನ ಪದ್ಧತಿ ನಂಗೆ ಗೊತ್ತಿರ್ಲಿಲ್ಲ ಕಣ್ರೀ. ನಮ್ಮನೇಲಿ ದೊಡ್ಡೋರು ಕೊಟ್ಟಿದ್ದನ್ನ ಬೇಡ ಅಂದ್ರೇನೇ ತಪ್ಪು. ನಾಚಿಕೆಯಿಂದ ತಲೆ ಎತ್ತೋಕಾಗ್ತಿಲ್ಲ..."

"ಅಯ್ಯೋ, ನಮ್ಮ ಊರಲ್ಲೂ ಹಾಗೇ ಅಲ್ವಾ! ನಾನು ಎಂತದೂ ಕೇಳದೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನಾಚಿಕೆ ಆಗಬೇಕಾದ್ದು ನಂಗೆ."

"ಅದಿರಲಿ. ಈ ಬಳೆ ನೋಡಿ ಥುರಯಾ ಹೆಲ್ವ ಅಂದ್ರೆ... ನಾನೂ ತಗೋ ಅನ್ನಬೇಕಲ್ವಾ?"

ಕೀರ್ತನ್ ಜೋರಾಗಿ ನಕ್ಕುಬಿಟ್ಟ. "ಅನ್ನಲೇಬೇಕು! ಅವಳಿಗೆ ನಾನು ಹೇಳ್ತೇನೆ. ನೀವು ಮಾತು ಸರಿಯಾಗಿ ಕಲಿಯಿರಿ."

ಅಂದಿನಿಂದ ದಿನಾ ಸಂಜೆ ಫೋನಿನಲ್ಲೇ ಪಾಠ. ಬೇಕಾಗಿದ್ದು ಒಂದೇ ಮಾತು, ಅದಕ್ಕೆ ಅಷ್ಟೊಂದು ಪಾಠ ಏಕೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ!

ಮದರಂಗಿಯ ಸಂಜೆ ಮನೆ ತುಂಬ ಹೆಂಗಸರು. ಮದರಂಗಿ ಹಚ್ಚುವ ಮುಂಚೆ ಥುರಯಾ ಎಲ್ಲರಿಗೂ ಕೇಳುವಂತೆ ಕೂಗಿದಳು. "ಮಾನಸ, ನಿನ್ನ ಬಳೆ ಹೆಲ್ವ!"

ಮಾನಸ ಎದ್ದು ಬಂದಳು. ಬಳೆ ಬಿಚ್ಚಿ ಮುಂದೆ ಹಿಡಿದಳು. ಕಲಿತದ್ದನ್ನು ತೊದಲುತ್ತಲೇ ಅರಬ್ಬಿಯಲ್ಲಿ ಹೇಳಿದಳು. "ತಫದ್ದಲಿ. ನಿನ್ನ ಕೈಗೇ ಚೆಂದ."

ಪದ್ಧತಿಯಂತೆ ಥುರಯಾ ಬೇಡ ಅನ್ನಬೇಕಿತ್ತು. ಅವಳು ಅನ್ನಲಿಲ್ಲ, ಕೈ ಚಾಚಿದಳು!

ಖಾಲಾ ಮಗಳನ್ನು ನೋಡಿದಳು, ಮಾನಸಳನ್ನು ನೋಡಿದಳು. ಎಲ್ಲ ಅರ್ಥವಾಗಿ ನಗುತ್ತಲೇ ಕಣ್ಣೊರೆಸಿಕೊಂಡಳು. "ಬಿನ್ತಿ... ನನ್ನ ಮಗಳೇ!" ಎಂದು ಮಾನಸಳನ್ನು ತಬ್ಬಿಕೊಂಡಳು.

ಮಾನಸ ಹೊರಬಂದಾಗ ಕೀರ್ತನ್ ಗೇಟಿನ ಹೊರಗೆ ಕಾರಿಗೆ ಒರಗಿ ಕಾಯುತ್ತಿದ್ದ.

"ಆಯ್ತಾ?"

"ಆಯ್ತು." ಮಾನಸ ಖಾಲಿ ಕೈ ತೋರಿಸಿದಳು. "ನಾಳೆಯಿಂದ ಪಾಠ ಬೇಡ ಅಲ್ವಾ?"

"ಹಾಗೆ ಹೇಳಬೇಡಿ. ನಿಮ್ಮ ಫೋನ್ ಇಲ್ಲದಿದ್ರೆ ನಂಗೆ ಸಂಜೆ ಕಳೆಯೂದಿಲ್ಲ ಈಗ."

ಅವಳು ತಲೆ ತಗ್ಗಿಸಿದಳು. ಇಷ್ಟು ದಿನ ಸುಟ್ಟ ನಾಚಿಕೆಯಲ್ಲ ಇದು, ಬೇರೆಯದೇ.

"ಕೀರ್ತನ್... ನಿಮ್ಮ ಮನಸ್ಸು ಹೆಲ್ವ."

ಅವನು ಕಾರು ಬಿಟ್ಟು ನೇರ ನಿಂತ. "ತಗೊಳ್ಳಿ."

"ಈಗ ನಾನು ಬೇಡ ಅನ್ನಬೇಕು..."

"ಪದ್ಧತಿ ಹಾಗುಂಟು. ಅನ್ನಿ ನೋಡುವ."

ಮಾನಸ ಮೆಲ್ಲಗೆ ಎರಡೂ ಕೈ ಚಾಚಿದಳು.

"ಕೈಯಾರೆ ಕೊಟ್ಟಿದ್ದನ್ನ ಬೇಡ ಅನ್ನಬಾರದು ಅಂತ ನಮ್ಮಮ್ಮ ಹೇಳಿದ್ದಾರೆ..."

ಆ ಕೈಗಳನ್ನು ಅವನು ತನ್ನ ಕೈಯಲ್ಲಿ ತೆಗೆದುಕೊಂಡ. "ಅಮ್ಮನ ಮಾತು ಮೀರಬೇಡಿ ಮಾರಾಯ್ರೆ!"