ಮುಂದಿನ ಬೇಸಿಗೆಯ ಅಂದಾಜು

“ಸೊನ್ನೆ ಅಂತ ಹಾಕು,” ಅಂದ ಓರಿನ್. ತಲೆ ಎತ್ತಿಯೂ ನೋಡಲಿಲ್ಲ.

ಹ್ಯಾಟಿಯ ಎದೆ ಧಸಕ್ಕೆಂದಿತು. ಅಮೆರಿಕದ ಮೇನ್ ಕರಾವಳಿಯಾಚೆಯ ಆ ಪುಟ್ಟ ದ್ವೀಪದಲ್ಲಿ ಫೆಬ್ರವರಿಯ ಗಾಳಿ ಮೂಳೆ ಕೊರೆಯುತ್ತಿತ್ತು. ಅವಳು ಮನೆಯಿಂದ ಜೆಟ್ಟಿಯವರೆಗೆ ಓಡಿಯೇ ಬಂದಿದ್ದಳು. ಕಾಲೇಜಿನ ಧನಸಹಾಯದ ಅರ್ಜಿ ಸಂಜೆಯೊಳಗೆ ಹೋಗಬೇಕು, ಫೋನಿನಲ್ಲಿ ಒಂದೇ ಒಂದು ಖಾನೆ ಖಾಲಿ ಉಳಿದಿದೆ: ಬರುವ ಬೇಸಿಗೆಯಲ್ಲಿ ವಿದ್ಯಾರ್ಥಿ ಎಷ್ಟು ದುಡಿಯುವ ಅಂದಾಜಿದೆ?

ಅದರ ಮೇಲಿನ ಖಾನೆ, ಬೇರೆ ಕಡೆಯಿಂದ ಬರುವ ವಿದ್ಯಾರ್ಥಿವೇತನದ್ದು, ಸಲೀಸಾಗಿ ತುಂಬಿತ್ತು. ಚರ್ಚಿನ ಹೆಂಗಸರು ಊಟ ಬಡಿಸಿ ಕೂಡಿಸುವ ಹಣ ಪ್ರತಿ ವರ್ಷ ಶಾಲೆ ಮುಗಿಸುವವರಿಗೆ ಹೋಗುತ್ತದೆ. ಈ ಸಲ ಮುಗಿಸುತ್ತಿರುವವಳು ಇವಳೊಬ್ಬಳೇ. “ಧೈರ್ಯವಾಗಿ ಬರಿ ತಾಯಿ, ಇನ್ಯಾರಿಗೆ ಕೊಡೋಣ, ಬೆಕ್ಕಿಗಾ?” ಎಂದು ನಕ್ಕಿದ್ದರು.

ದುಡಿಮೆಯ ಅಂದಾಜು ಮಾತ್ರ ಓರಿನ್ ಹೇಳಬೇಕು. ಕಳೆದ ಬೇಸಿಗೆಗಳಲ್ಲಿ ಅವನ ಲಾಬ್‌ಸ್ಟರ್, ಅಂದರೆ ದೊಡ್ಡ ಕಡಲ ಸಿಗಡಿ, ಹಿಡಿಯುವ ದೋಣಿಯಲ್ಲಿ ಆಳಾಗಿ ದುಡಿದವಳು ಅವಳೇ. ಹಿಡಿದದ್ದರಲ್ಲಿ ಐದರಲ್ಲೊಂದು ಪಾಲು ಅವಳದು.

“ಸೊನ್ನೆನಾ? ದುಡೀಲಿ ಬಿಡ್ಲಿ, ನನ್ನ ಪಾಲು ಅಂತ ಕಾಲೇಜಿಗೆ ಒಂದಿಷ್ಟು ಕಟ್ಟಲೇಬೇಕು ಕಣೋ. ಇಲ್ಲಾಂದ್ರೆ ನಾನು ಹೋಗೋ ಹಾಗೇ ಇಲ್ಲ.”

“ಜೆಟ್ಟಿ ಅಂಗಡೀಲಿ ಐಸ್‌ಕ್ರೀಮ್ ಮಾರು.”

“ಅದರಲ್ಲಿ ಪುಸ್ತಕಕ್ಕೂ ಸಾಲಲ್ಲ! ನನ್ನ ಜಾಗಕ್ಕೆ ಯಾರನ್ನ ಹಾಕ್ಕೊಂಡಿದ್ದೀಯ? ಹೇಳ್ಬಿಡು. ಚೆನ್ನಾಗಿದ್ದಾಳಾ?”

“ಯಾರೂ ಇಲ್ಲ ಮಾರಾಯ್ತಿ.”

ಅವಳಿಗೆ ಅಳು ಬಂತು, ನುಂಗಿಕೊಂಡಳು. ದೋಣಿ ಹೋದರೆ ಕಾಲೇಜು ಹೋಗುತ್ತದೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು: ಇವನಿಗೆ ನಾನೇ ಬೇಡವಾದೆನಾ?

ಓರಿನ್ ಲಾಬ್‌ಸ್ಟರ್ ಹಿಡಿಯುವ ಬೋನಿನ ಹಗ್ಗಕ್ಕೆ ಕಟ್ಟುವ ಮರದ ತೇಲುಗುಂಡಿಗೆ ಕಿತ್ತಳೆ ಬಣ್ಣ ಬಳಿಯುತ್ತಿದ್ದ. ಬಳಿದದ್ದನ್ನೇ ಮತ್ತೆ ಮತ್ತೆ ಬಳಿಯುತ್ತಿದ್ದ. ಬಣ್ಣ ಅವನ ಕಿವಿಗೂ ಹತ್ತಿತ್ತು.

“ಓರಿನ್, ನೋಡಿಲ್ಲಿ.”

ನೋಡಿದ. ಕಣ್ಣು ಕೆಂಪಗಿತ್ತು.

“ಕಣ್ಣು ಮುಚ್ಚಿದ್ರೆ ನಿನ್ನ ಬೂಟು ಕಾಣ್ಸತ್ತೆ ಕಣೇ,” ಅಂದ ಮೆಲ್ಲಗೆ.

ಕಳೆದ ಆಗಸ್ಟಿನಲ್ಲಿ ಬೋನುಗಳನ್ನು ನೀರಿಗೆ ಬಿಡುವಾಗ ಓಡುವ ಹಗ್ಗದ ಸುರುಳಿಯೊಳಗೆ ಅವಳ ಬೂಟು ಸಿಕ್ಕಿತ್ತು. ಹಗ್ಗ ಅವಳನ್ನು ದೋಣಿಯ ಹಿಂಬದಿಗೆ ದರದರ ಎಳೆದೊಯ್ದಿತ್ತು. ಓರಿನ್ ಚಾಕು ಹಿಡಿದು ಬಂದು ಕತ್ತರಿಸದಿದ್ದರೆ ಅವಳು ಆ ತಣ್ಣೀರಿನ ತಳದಲ್ಲಿರುತ್ತಿದ್ದಳು. ಆಮೇಲೆ ಇಬ್ಬರೂ ಆ ಸುದ್ದಿ ಎತ್ತಿರಲಿಲ್ಲ.

“ನಂಗೂ ಹೆದ್ರಿಕೆನೇ,” ಅಂದಳು. “ಈಗ್ಲೂ ಹಗ್ಗ ಕಂಡ್ರೆ ಸುತ್ತಿ ಬಳಸಿ ಹೋಗ್ತೀನಿ. ಆದ್ರೆ ನೀನೊಬ್ನೇ ಹೋದ್ರೆ? ನಿನ್ನ ಕಾಲು ಸಿಕ್ಕಿದ್ರೆ ಕತ್ತರಿಸೋರು ಯಾರೋ? ಬೇಸಿಗೆಯಿಡೀ ಈ ಜೆಟ್ಟಿ ಮೇಲೆ ಐಸ್‌ಕ್ರೀಮ್ ಹಿಡ್ಕೊಂಡು ನೀನು ಬರ್ತೀಯೋ ಇಲ್ವೋ ಅಂತ ಕಾಯ್ಲಾ? ಅದು ನನ್ನ ಕೈಲಾಗಲ್ಲ.”

ಓರಿನ್ ಬ್ರಷ್ ಕೆಳಗಿಟ್ಟ. ನೇರವಾಗಿ ಅವಳನ್ನೇ ನೋಡಿದ. ಅಂಥ ನೋಟಕ್ಕೆ ಹ್ಯಾಟಿಗೆ ಅಭ್ಯಾಸವಿರಲಿಲ್ಲ, ಕೆನ್ನೆ ಬಿಸಿಯಾಯಿತು.

“ಚುಕ್ಕಾಣಿ ನೀನು ಹಿಡಿ,” ಅಂದ. “ಹಗ್ಗ, ಬೋನು ನಂದು. ದೋಣಿ ಹಿಂಬದಿಗೆ ನೀನು ಕಾಲಿಡಬಾರ್ದು.”

“ಒಪ್ಕೊಂಡೆ. ಎಷ್ಟು ಹಾಕ್ಲಿ ಹೇಳು.”

“ಅರ್ಧ.”

ಹ್ಯಾಟಿ ಉಸಿರು ಬಿಗಿಹಿಡಿದಳು. ಆ ದ್ವೀಪದಲ್ಲಿ ದೋಣಿಯವನು ಅರ್ಧ ಪಾಲು ಕೊಡುವುದು ಹೆಂಡತಿಗೆ ಮಾತ್ರ. ಅದು ಅವನಿಗೂ ಗೊತ್ತು.

“ಅರ್ಧ ಹಾಕಿ ಅಷ್ಟೊಂದು ದುಡಿಮೆ ತೋರಿಸಿದ್ರೆ ಕಾಲೇಜಿನವರು ಬಿಡಿಗಾಸೂ ಕೊಡಲ್ಲ, ಪೆದ್ದ!”

ಓರಿನ್‌ನ ಮುಖ ಬಿಳಿಚಿಕೊಂಡಿತು. ಬೇಡ ಅಂದಳೆಂದೇ ತಿಳಿದ. ಹ್ಯಾಟಿ ಅವನ ಬಣ್ಣದ ಬೆರಳುಗಳನ್ನು ಗಬಕ್ಕನೆ ಹಿಡಿದುಕೊಂಡಳು.

“ಓದು ಮುಗಿಯೋವರೆಗೂ ಐದರಲ್ಲೊಂದೇ ಇರ್ಲಿ. ಪ್ರತಿ ವರ್ಷ ಈ ಖಾನೆ ತುಂಬಿಸ್ಬೇಕು, ಪ್ರತಿ ವರ್ಷ ಬಂದು ಕೇಳ್ತೀನಿ.” ಅವಳ ದನಿ ಒಡೆಯಿತು. “ಯಾವ್ದೋ ಒಂದು ವರ್ಷ ನೀನು ಮತ್ತೆ ಸೊನ್ನೆ ಅಂದ್ಬಿಟ್ರೆ?”

“ಅನ್ನಲ್ಲ. ನೀನು ಕೇಳೋಕೆ ಬರದೇ ಹೋದ್ರೆ?”

ಅವನಿಗೂ ಅದೇ ಭಯ! ಹ್ಯಾಟಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

“ಬರ್ತೀನಿ ಕಣೋ. ಓದು ಮುಗಿದ್ಮೇಲೆ ಅರ್ಧ ಕೇಳೋಕೂ ಬರ್ತೀನಿ.”

ಒಂದೇ ಕೈಯಲ್ಲಿ ಅಂಕೆ ಒತ್ತಿ ಅರ್ಜಿ ಕಳಿಸಿದಳು. ಇನ್ನೊಂದು ಕೈಯನ್ನು ಅವನು ಬಿಡಲೇ ಇಲ್ಲ.