ಏಳನೇ ಬೋರಿನ ಪುಟ

ಗೋಡೆ ಬಿದ್ದದ್ದು ಮಂಗಳವಾರ ಮಧ್ಯಾಹ್ನ, ಲಿಲಾಂಗ್ವೆಯಲ್ಲಿ. ಸುದ್ದಿ ಟೆಕ್ಸಸ್ಸಿನ ಇರ್ವಿಂಗ್ ಮುಟ್ಟಿದಾಗ ಇಲ್ಲಿ ಬೆಳಗಿನ ಏಳೂವರೆ.

ಮಲಾವಿ ದೇಶದ ಆ ರಾಜಧಾನಿಯಲ್ಲಿ ಯುರೋಪಿನ ಒಂದು ಸಣ್ಣ, ಶ್ರೀಮಂತ ದೇಶ ತನ್ನ ಹೊಸ ರಾಯಭಾರ ಕಚೇರಿ ಕಟ್ಟಿಸುತ್ತಿತ್ತು. ಹನ್ನೆರಡು ಎಕರೆ ಜಾಗ. ಇಳಿಜಾರಿನ ಮಣ್ಣು ತಡೆಯಲು ಕೆಳಗೊಂದು ಉದ್ದನೆಯ ಕಾಂಕ್ರೀಟ್ ಗೋಡೆ. ಎಲ್ಲದರ ನಕ್ಷೆ ಇರ್ವಿಂಗ್‌ನ ಒಂದು ಇಂಜಿನಿಯರಿಂಗ್ ಕಂಪನಿಯದು.

ಮೂರು ದಿನ ಸುರಿದ ಮಳೆಗೆ ಆ ಗೋಡೆಯ ಇಪ್ಪತ್ತು ಮೀಟರ್ ಮಗುಚಿತ್ತು. ಅದರ ಬುಡದಲ್ಲಿ ಒಲೆ ಹೂಡಿ ಕೂಲಿಯವರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಎಸ್ನಾತ್ ಫಿರಿ ಎಂಬ ಹೆಂಗಸು ಸತ್ತಿದ್ದಳು.

ನಿರುಪಮಾ ಆ ಕಂಪನಿಯ ಗುಣಮಟ್ಟ ತನಿಖೆಯ ಇಂಜಿನಿಯರ್. ಧಾರವಾಡದವಳು. ಹದಿನೈದು ವರ್ಷದಿಂದ ಡಲ್ಲಾಸ್ ಸುತ್ತಮುತ್ತಲೇ ಇದ್ದಾಳೆ. ಸುದ್ದಿ ಬಂದ ಅರ್ಧ ಗಂಟೆಗೆ ಅವಳಿಗೆ ಟೆಕ್ಸಸ್ಸಿನದೇ ಇನ್ನೊಂದು ಊರು ಲಿಯಾಂಡರ್‌ನಿಂದ ಫೋನ್ ಬಂತು. ಮೋಹನರಾಜ ಸರ್. ಗೋಡೆಯ ವಿನ್ಯಾಸ ಮಾಡಿದವರು. ಈ ದೇಶಕ್ಕೆ ಬಂದ ಹೊಸತರಲ್ಲಿ ಅವಳನ್ನು ಕೂರಿಸಿಕೊಂಡು ಮಣ್ಣಿನ ವರದಿ ಓದುವುದನ್ನು ಕಲಿಸಿದವರು. ಈಗ ನಿವೃತ್ತರಾಗಿ ಆರು ತಿಂಗಳು.

"ಅಲ್ಲಿಯವರ ಮಣ್ಣಿನ ರಿಪೋರ್ಟ್ ನಂಬೋ ಹಾಗಿಲ್ಲಮ್ಮ," ಎಂದರು. "ಎರಡು ಮೀಟರ್ ಕೆಳಗೆ ಗಟ್ಟಿ ಬಂಡೆ ಅಂತ ಬರೆದುಕೊಟ್ಟಿದ್ದಾನೆ. ಈಗ ನೋಡು."

ನಿರುಪಮಾ ನೋಡಿದಳು. ಮಣ್ಣು ಪರೀಕ್ಷಿಸಲು ಜಾಗದಲ್ಲಿ ಒಂಬತ್ತು ಬೋರ್ ಕೊರೆದಿದ್ದರು. ಗೋಡೆ ಬಿದ್ದಲ್ಲಿ ಇದ್ದದ್ದು ಏಳನೆಯದು. ಆ ಪುಟದಲ್ಲಿ ಬಂಡೆ ಎಂದೇ ಇತ್ತು. ಸೈಟಿನಿಂದ ಬಂದ ಫೋಟೋದಲ್ಲಿ ಹಸಿ ಜೇಡಿ. ವರದಿಗೆ ಸಹಿ ಹಾಕಿದವನು ಅಲ್ಲಿನ ಇಂಜಿನಿಯರ್ ಚಿಸೋಮೊ ಬಂಡಾ.

ಅವಳು ಮೂರು ಸಾಲು ಬರೆದು ಇರ್ವಿಂಗ್ ಆಫೀಸಿನ ಮುಖ್ಯಸ್ಥ ಪ್ರಹ್ಲಾದ್‌ಗೆ ಕಳಿಸಿದಳು. ಸ್ಥಳೀಯ ವರದಿ ಸುಳ್ಳು. ವಿನ್ಯಾಸದಲ್ಲಿ ತಪ್ಪಿಲ್ಲ. ಹೊಣೆ ಬಂಡಾ ಅವರದು.

ಗುರುವಾರ ಆ ಸಾಲುಗಳ ಆಧಾರದ ಮೇಲೆ ಲಿಲಾಂಗ್ವೆ ಪೊಲೀಸರು ಚಿಸೋಮೊ ಬಂಡಾನನ್ನು ಬಂಧಿಸಿದರು.

* * *

ಮರುವಾರ ಪ್ರಹ್ಲಾದ್ ಅವಳನ್ನು ಕರೆದು, ಇನ್ಶೂರೆನ್ಸ್‌ನವರಿಗೆ ವಿವರವಾದ ವರದಿ ಬೇಕು ಎಂದ. ಬಂಡಾ ಪೊಲೀಸರ ಮುಂದೆ ಒಂದೇ ಮಾತು ಹೇಳುತ್ತಿದ್ದಾನಂತೆ, ಆ ಪುಟ ತನ್ನದಲ್ಲ ಅಂತ. ಸಿಕ್ಕಿಬಿದ್ದವರೆಲ್ಲ ಹೇಳುವುದೇ ಅದು ಎಂದು ನಕ್ಕ. ನಿರುಪಮಾ ಕೂಡ ನಕ್ಕಳು.

ಊಟದ ಹೊತ್ತಿಗೆ ಒಂಬತ್ತೂ ಪುಟಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಳು. ಮೊದಲ ದಿನ ಅವಳು ಏಳನೆಯದನ್ನು ಮಾತ್ರ ಓದಿದ್ದಳು.

ಬೋರ್ ಕೊರೆಯುವಾಗ ಇಷ್ಟಿಷ್ಟು ಆಳಕ್ಕೊಮ್ಮೆ ನಿಲ್ಲಿಸಿ ಮಣ್ಣು ಪರೀಕ್ಷೆ ಮಾಡುತ್ತಾರೆ. ಎಂಟು ಪುಟಗಳಲ್ಲಿ ಆ ಆಳಗಳು ಒಂದೇ ತರಹ ಇದ್ದವು. ಒಂದೂವರೆ ಮೀಟರ್, ಮೂರು, ನಾಲ್ಕೂವರೆ, ಆರು. ಏಳನೆಯದರಲ್ಲಿ 1.52, 3.05, 4.57, 6.10.

ಅವಳು ಕ್ಯಾಲ್ಕುಲೇಟರ್ ಎಳೆದುಕೊಂಡಳು.

ಅವು ಮೀಟರಿನಲ್ಲಿ ಅಳೆದ ಅಂಕಿಗಳಲ್ಲ. ಐದು ಅಡಿ, ಹತ್ತು ಅಡಿ, ಹದಿನೈದು, ಇಪ್ಪತ್ತು. ಅಡಿಯನ್ನು ಮೀಟರಿಗೆ ಬದಲಿಸಿ ಬರೆದವು. ಮಲಾವಿಯಲ್ಲಿ ಅಡಿ ಲೆಕ್ಕದಲ್ಲಿ ಯಾರೂ ಬೋರ್ ಕೊರೆಯುವುದಿಲ್ಲ. ಟೆಕ್ಸಸ್ಸಿನಲ್ಲಿ ಕೊರೆಯುತ್ತಾರೆ.

ಚಿಸೋಮೊ ಬಂಡಾ ನಿಜ ಹೇಳಿದ್ದ.

* * *

ಆ ಫೈಲು ಕಂಪನಿಯ ಸರ್ವರಿನಲ್ಲಿ ಎರಡು ಸಲ ಏರಿತ್ತು. ಫೆಬ್ರವರಿಯಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ. ಎರಡನೆಯ ಸಲ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದವನು ಹ್ಯೂಸ್ಟನ್ ಆಫೀಸಿನ ಪ್ರಶಾಂತ್.

ನಿರುಪಮಾ ಫೋನ್ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನಾಲ್ಕು ಗಂಟೆ ಡ್ರೈವ್ ಮಾಡಿ ಹ್ಯೂಸ್ಟನ್‌ಗೆ ಹೋದಳು. ದಾರಿಯುದ್ದಕ್ಕೂ ಪ್ರಶಾಂತನ ಮೇಲೆ ಸಿಟ್ಟು ಬೆಳೆಯಿತು. ಮೂವತ್ತರ ಹುಡುಗ, ಯಾವಾಗಲೂ ಅವಸರ. ಅವನದೇ ಕೆಲಸ ಎಂದು ಕಾರಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದಳು.

ಪ್ರಶಾಂತ್ ಅವಳನ್ನು ನೋಡಿ ಎದ್ದು ನಿಂತ. ಗ್ರೀನ್ ಕಾರ್ಡ್ ಅರ್ಜಿ ಕೊನೆಯ ಹಂತದಲ್ಲಿದೆ, ತನಗೆ ಏನೂ ಗೊತ್ತಿಲ್ಲ ಎಂದ. ಅವಳು ಫೈಲು ಏರಿದ ದಾಖಲೆ ಮುಂದಿಟ್ಟಳು. ಆಗ ಅವನೇ ಮೇಲ್ ತೆರೆದು ತೋರಿಸಿದ. ಮಾರ್ಚ್ ಹನ್ನೊಂದು. ಸರಿಪಡಿಸಿದ ವರದಿ, ಹಳೆಯದನ್ನು ತೆಗೆದು ಇದನ್ನು ಹಾಕು. ಕಳಿಸಿದವರು ಮೋಹನರಾಜ.

"ತೆರೆದು ನೋಡಲಿಲ್ವಾ?"

"ಸರ್ ಕಳಿಸಿದ್ದನ್ನ ಯಾರು ತೆರೆದು ನೋಡ್ತಾರೆ ಮೇಡಂ?"

ಮೊದಲ ದಿನ ನಿರುಪಮಾ ತಾನೂ ಸರಿಯಾಗಿ ನೋಡಿರಲಿಲ್ಲ.

ಆದರೂ ಒಂದು ಆಸೆ ಉಳಿದಿತ್ತು. ಸರ್‌ಗೆ ಆ ಪುಟವನ್ನು ಬೇರೆ ಯಾರೋ ಕೊಟ್ಟಿರಬಹುದು. ಅವರು ಬರೀ ಮುಂದೆ ಕಳಿಸಿರಬಹುದು. ಪ್ರಶಾಂತನ ಪಕ್ಕದ ಮೇಜಿನಲ್ಲಿ ಕೂತು ಕಂಪನಿಯ ಹಳೆಯ ವರದಿಗಳನ್ನು ಹುಡುಕಿದಳು. ಬೋರ್ ಕೊರೆಯುವಾಗ ಪ್ರತಿ ಆಳದಲ್ಲೂ ಎಷ್ಟು ಸುತ್ತಿಗೆಯ ಏಟಿಗೆ ಮಣ್ಣು ಬಿಟ್ಟುಕೊಟ್ಟಿತು ಎಂದು ಬರೆಯುತ್ತಾರೆ. ಎರಡು ಜಾಗದ ಏಟುಗಳು ಸಾಲಾಗಿ ಒಂದೇ ಆಗುವುದಿಲ್ಲ. ಏಳನೇ ಪುಟದ ಏಟುಗಳನ್ನು ಇಟ್ಟುಕೊಂಡು ಹುಡುಕಿದಳು. ಹನ್ನೊಂದು, ಮೂವತ್ತೆಂಟು, ನಲವತ್ತಾರು, ಐವತ್ತು.

ಮೂರು ಗಂಟೆಯ ನಂತರ ಸಿಕ್ಕಿತು. ಹದಿನಾರು ವರ್ಷದ ಹಿಂದಿನ ಸ್ಕ್ಯಾನ್. ಲಿಯಾಂಡರ್‌ನ ಒಂದು ನೀರಿನ ಟ್ಯಾಂಕ್. ಏಟುಗಳು ಅವೇ. ಆಳ ಐದು, ಹತ್ತು, ಹದಿನೈದು, ಇಪ್ಪತ್ತು ಅಡಿ. ಕೆಳಗೆ ಮೋಹನರಾಜರ ಸಹಿ.

ಆ ಪುಟವನ್ನೇ ಎದುರಿಗಿಟ್ಟುಕೊಂಡು ಅವರು ಅವಳಿಗೆ ಕಲಿಸಿದ್ದರು. ಅವಳು ಗುರುತು ಹಿಡಿದಿರಲಿಲ್ಲ.

* * *

ಮರುದಿನ ಹನ್ನೊಂದಕ್ಕೆ ಲಿಯಾಂಡರ್ ತಲುಪಿದಳು. ಬಾಗಿಲು ತೆಗೆದವರು ಸರ್ ಹೆಂಡತಿ ರಾಜಲಕ್ಷ್ಮಿ ಆಂಟಿ. ಬಿಸಿಬೇಳೆಭಾತ್ ಆಗಿದೆ, ಊಟ ಮಾಡಿಕೊಂಡೇ ಹೋಗಬೇಕು ಎಂದರು. ಮೊಮ್ಮಗಳು ಮಾನ್ಯಾ ಸೋಫಾದ ಮೇಲೆ ಓದುತ್ತಿದ್ದಳು. ಸರ್ ನಿರುಪಮಾಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು.

ನಿರುಪಮಾ ಎರಡೂ ಪುಟಗಳನ್ನು ಅವರ ಮುಂದಿಟ್ಟಳು. ಅಡಿಯ ವಿಷಯ ಹೇಳಿದಳು, ಏಟುಗಳ ವಿಷಯ ಹೇಳಿದಳು, ಪ್ರಶಾಂತನ ಮೇಲ್ ವಿಷಯ ಹೇಳಿದಳು. ಅವರು ಕನ್ನಡಕ ಹಾಕಿಕೊಳ್ಳಲೂ ಇಲ್ಲ.

"ಬಂಡಾ ಏನು ಬರೆದಿದ್ದನ್ರಿ ಸರ್?"

"ಜೇಡಿ. ಒಂಬತ್ತು ಮೀಟರ್‌ವರೆಗೂ ಬರೀ ಜೇಡಿ. ಮಳೆಗಾಲದಲ್ಲಿ ನೀರು ಮೇಲೇ ಇರುತ್ತೆ, ಗೋಡೆಯ ಜಾಗ ಬದಲಿಸಿ ಅಂತ ಬೇರೆ ಪತ್ರವನ್ನೇ ಬರೆದಿದ್ದ."

ಉಳಿದದ್ದು ನಿಧಾನವಾಗಿ ಹೊರಬಂತು. ಮಣ್ಣಿನ ವರದಿ ಬರುವ ಮೊದಲೇ ಅವರು ಗೋಡೆಯ ಜಾಗ ನಿಗದಿ ಮಾಡಿದ್ದರು. ರಾಯಭಾರ ಕಚೇರಿ ಕಟ್ಟಿಸುವ ದೇಶದ ಮಂತ್ರಿ ಶಂಕುಸ್ಥಾಪನೆಗೆ ಬರುವ ದಿನವೂ ಗೊತ್ತಾಗಿತ್ತು. ಜಾಗ ಬದಲಿಸಿದರೆ ಇಡೀ ನಕ್ಷೆ ಬದಲಾಗಬೇಕು. ಮೂವತ್ತೈದು ವರ್ಷದ ಕೆಲಸದಲ್ಲಿ ತಪ್ಪಾಯಿತು ಎಂದು ಅವರು ಒಮ್ಮೆಯೂ ಬರೆದುಕೊಟ್ಟವರಲ್ಲ. ಕೊನೆಯ ಪ್ರಾಜೆಕ್ಟಿನಲ್ಲಿ ಬರೆಯಲು ಕೈ ಬರಲಿಲ್ಲ. ಪೂರ್ತಿ ವರದಿ ಹ್ಯೂಸ್ಟನ್ ದಾಟಿ ವಾಪಸ್ ಲಿಲಾಂಗ್ವೆಗೆ ಹೋಗುವುದಿಲ್ಲ, ಬಂಡಾ ಅದನ್ನು ಎಂದೂ ನೋಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬಂಡಾನ ಪತ್ರಕ್ಕೆ ಜಾಗ ಬದಲಾಗಿದೆ ಎಂದು ಸುಳ್ಳು ಉತ್ತರ ಬರೆದರು.

"ಗೋಡೆ ನಿಲ್ಲುತ್ತೆ ಅಂದುಕೊಂಡೆ ಕಣಮ್ಮ."

"ನಿಲ್ಲದಿದ್ದಾಗ ನನಗ ಫೋನ್ ಮಾಡಿದ್ರಿ."

ಅವರು ತಲೆ ತಗ್ಗಿಸಿದರು. "ನೀನು ಎದುರು ಪ್ರಶ್ನೆ ಕೇಳಲ್ಲ ಅಂತ ಗೊತ್ತಿತ್ತು."

ಒಳಗಿನಿಂದ ಆಂಟಿ ತಟ್ಟೆ ಹಾಕಿದೆ ಎಂದು ಕರೆದರು. ಮೋಹನರಾಜ ಆ ಕಡೆ ನೋಡಿ ದನಿ ತಗ್ಗಿಸಿದರು. ಎರಡು ದಿನ ಟೈಮ್ ಕೊಡು, ಮನೆಯವರಿಗೆ ನಾನೇ ಹೇಳುತ್ತೇನೆ ಎಂದರು.

"ಪ್ರಹ್ಲಾದ್‌ಗೂ ಎಂಬಸಿಯವರಿಗೂ ಆಗಲೇ ಎಲ್ಲಾ ಕಳಿಸೇನ್ರಿ ಸರ್. ಬೆಲ್ ಮಾಡೂಕಿಂತ ಮೊದಲು, ಕಾರಿನಾಗ ಕೂತು." ಅವಳು ಎರಡೂ ಪುಟ ಎತ್ತಿಕೊಂಡಳು. "ಒಳಗ ಬಂದು ಆಂಟಿ ಕೈ ಊಟ ಮಾಡಿದ್ರ ನನಗ ಕಳಸೂದು ಆಗ್ತಿರಲಿಲ್ಲ."

ಅವರು ಒಳಗೆ ಹೋಗಿ ಬಂಡಾನ ನಿಜವಾದ ಪುಟವನ್ನೂ ಪತ್ರವನ್ನೂ ತಂದು ಅವಳ ಕೈಗಿಟ್ಟರು. ಅದನ್ನು ಯಾಕೆ ಹರಿಯದೆ ಇಟ್ಟುಕೊಂಡಿದ್ದರು ಎಂದು ಅವಳು ಕೇಳಲಿಲ್ಲ.

* * *

ಒಂಬತ್ತು ದಿನಗಳ ನಂತರ ಚಿಸೋಮೊ ಬಂಡಾ ಬಿಡುಗಡೆಯಾದ. ಮೋಹನರಾಜರ ಲೈಸೆನ್ಸ್ ಅಮಾನತಾಯಿತು, ವಿಚಾರಣೆ ಶುರುವಾಯಿತು. ಪ್ರಹ್ಲಾದ್ ಎರಡನೆಯ ವರದಿಯಲ್ಲಿ ನಿರುಪಮಾಳ ಮೊದಲ ಮೂರು ಸಾಲುಗಳನ್ನು ಕೈಬಿಡಲು ಹೊರಟಿದ್ದ. ಅವು ಇರಬೇಕು, ತನ್ನ ಹೆಸರಿನ ಸಮೇತ ಇರಬೇಕು ಎಂದು ಅವಳು ಹಠ ಹಿಡಿದಳು.

ಆಮೇಲೆ ಲಿಲಾಂಗ್ವೆಗೆ ಫೋನ್ ಮಾಡಿದಳು. ಹೆಸರು ಹೇಳಿದಳು, ಆ ಸಾಲು ಬರೆದವಳು ತಾನೇ ಎಂದಳು. ಕ್ಷಮೆ ಕೇಳಿದಳು.

ಚಿಸೋಮೊ ಸಿಟ್ಟಾಗಲಿಲ್ಲ. ಹಿಂದಿನ ದಿನ ಎಸ್ನಾತ್ ಫಿರಿಯ ಮನೆಗೆ ಹೋಗಿ ಬಂದೆ ಎಂದ. ಅವಳ ತಾಯಿ ಇನ್ನೂ ತನ್ನ ಮುಖ ನೋಡುವುದಿಲ್ಲವಂತೆ. ಪೊಲೀಸರು ಬಿಟ್ಟರೂ ಬೀದಿಯ ಜನ ಬಿಟ್ಟಿಲ್ಲವಂತೆ.

"ಒಂದು ಮಾತು ಕೇಳಲೇ?" ಎಂದ. "ಆ ವರದಿಯ ಎಲ್ಲ ಪುಟದಲ್ಲೂ ನನ್ನ ನಂಬರ್ ಇತ್ತು. ಬರೆಯುವ ಮುಂಚೆ ಒಂದು ಸಲ ಯಾಕೆ ಫೋನ್ ಮಾಡಲಿಲ್ಲ?"

ಹ್ಯೂಸ್ಟನ್‌ವರೆಗೆ ಹೋದವಳು, ಲಿಯಾಂಡರ್‌ವರೆಗೆ ಹೋದವಳು, ನಿರುಪಮಾ ಅವನಿಗೊಂದು ಕರೆ ಮಾಡಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನಿಮ್ಮನ್ನು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ," ಎಂದಳು.